ಏನಾಯ್ತು ಅಂತ ಕೇಳದೇ ಇದ್ದವರಿಗೆ

ಪಿಎಚ್‌ಡಿ ಸೀಟು ಸಿಕ್ಕಿದೆ. ಅಮೆರಿಕದಲ್ಲಿ, ಫಂಡಿಂಗ್ ಸಮೇತ. ಆಗಸ್ಟ್‌ನಲ್ಲಿ ಹೊರಡಬೇಕು. ವೀಸಾ ಇನ್ನೂ ಆಗಿಲ್ಲ, ಅದಕ್ಕೇ ಸ್ವೀಟ್ ಹಂಚೋದು ಬೇಡ ಅಂತ ಅಮ್ಮನ ಆರ್ಡರ್. ಥ್ಯಾಂಕ್ಸ್ ಹೇಳೋಕೆ ಅಡ್ಡಿಯಿಲ್ಲವಂತೆ.

ಹೋದ ವರ್ಷ ಹಾಕಿದ ಕಡೆಯೆಲ್ಲ ರಿಜೆಕ್ಟ್ ಆಗಿತ್ತು. ಸೋಮವಾರಪೇಟೆ ಕಡೆಯವರಿಗೆ ಗೊತ್ತಲ್ವಾ, ಒಂದು ಮದುವೆಗೆ ಹೋದರೆ ಸಾಕು, ಪಂಕ್ತಿ ಏಳುವುದರೊಳಗೆ 'ಈಗ ಏನ್ ಮಾಡ್ಕೊಂಡಿದ್ದೀಯಾ?' ಅಂತ ಸುತ್ತ ಇರುವವರೆಲ್ಲ ಕೇಳಿರುತ್ತಾರೆ. ಕೇಳುವವರದು ತಪ್ಪಲ್ಲ. ಆದರೆ ಉತ್ತರ ಇಲ್ಲದವಳಿಗೆ ಊಟ ಇಳಿಯಲ್ಲ. ಏನೂ ಕೇಳದೆ ಸುಮ್ನೆ ಪಕ್ಕದಲ್ಲಿ ಕೂತು 'ಪಾಯಸ ಇನ್ನೊಂದ್ಸಲ ಹಾಕಿಸ್ಕೋ' ಅಂದವರಿಗೆ ಮೊದಲ ಥ್ಯಾಂಕ್ಸ್.

ಪೊನ್ನಂಪೇಟೆ ಅರಣ್ಯ ಕಾಲೇಜಿನ ನನ್ನ ಮೇಷ್ಟ್ರಿಗೆ. ಒಂದೊಂದು ಅರ್ಜಿಗೂ ಮೂರು ರೆಕಮಂಡೇಶನ್ ಲೆಟರ್ ಬೇಕು, ಒಂದೊಂದಕ್ಕೂ ಬೇರೆ ಲಿಂಕ್. ಎರಡನೇ ವರ್ಷ ಮತ್ತೆ ಕೇಳೋಕೆ ನನಗೇ ಸಂಕೋಚ. ಸರ್ ಹೇಳಿದ್ದು ಇಷ್ಟೇ: "ಲಿಸ್ಟ್ ಕಳಿಸಮ್ಮ, ಈ ಸಲ ನಿನ್ನ ಮಣ್ಣಿನ ಕೆಲಸಾನೂ ಸೇರಿಸ್ತೀನಿ." ಸಮಾಧಾನದ ಮಾತು ಒಂದೂ ಇಲ್ಲ. ನನಗೆ ಬೇಕಾಗಿದ್ದೂ ಅದಲ್ಲ.

ಮಣ್ಣಿನ ಕೆಲಸ ಅಂದರೆ, ನೆರಳಿಗೆ ಹಲಸು, ಅತ್ತಿ, ನಂದಿ ಮರ ಉಳಿಸಿಕೊಂಡ ಕಾಫಿ ತೋಟಕ್ಕೂ ಬರೀ ಸಿಲ್ವರ್ ಓಕ್ ನೆಟ್ಟ ತೋಟಕ್ಕೂ ಮಣ್ಣಿನಲ್ಲಿ ಏನು ವ್ಯತ್ಯಾಸ ಅಂತ ನೋಡುವುದು. ಖಾಲಿ ಕೂತಿದ್ದ ಆ ವರ್ಷ ಅಕ್ಕಪಕ್ಕದ ತೋಟಗಳಲ್ಲಿ ಹಾರೆ ಹಿಡಿದು ಓಡಾಡಿದೆ. ಅಗೆಯೋಕೆ ಬಿಟ್ಟ ಎಲ್ಲರಿಗೂ ಥ್ಯಾಂಕ್ಸ್. 'ಎಷ್ಟು ಗೊಬ್ಬರ ಹಾಕ್ಬೇಕು ಅಂತ ಹೇಳಿ ಹೋಗು' ಅಂದ ಅಂಕಲ್, ಸ್ವಲ್ಪ ತಡೀರಿ, ಅದಕ್ಕೇ ಐದು ವರ್ಷ ಓದೋಕೆ ಹೊರಟಿರೋದು.

ಕಾಲೇಜಿನ ಸೀನಿಯರ್ ಅಕ್ಕನಿಗೆ ದೊಡ್ಡ ಥ್ಯಾಂಕ್ಸ್. ರಿಜೆಕ್ಟ್ ಅಂದರೆ ನನ್ನಲ್ಲೇ ಏನೋ ಕೊರತೆ ಅಂದುಕೊಂಡಿದ್ದೆ. ನಮ್ಮಂಥ ವಿಷಯಗಳಲ್ಲಿ ಪ್ರೊಫೆಸರ್ ಹತ್ತಿರ ಆ ವರ್ಷ ಫಂಡಿಂಗ್ ಇಲ್ಲದಿದ್ದರೆ ಎಂಥ ಅರ್ಜಿಯೂ ಪಕ್ಕಕ್ಕೆ ಹೋಗುತ್ತದೆ, 'ಈ ವರ್ಷ ಸ್ಟೂಡೆಂಟ್ ತಗೊಳ್ತೀರಾ' ಅಂತ ಮೊದಲೇ ಮೇಲ್ ಹಾಕಬೇಕು ಅಂತ ಹೇಳಿಕೊಟ್ಟವಳು ಅವಳೇ. ಈ ಸಲ ವೇಟ್‌ಲಿಸ್ಟ್‌ನಲ್ಲಿದ್ದಾಗಲೂ ಲೆಕ್ಕ ಬಿಡಿಸಿ ಹೇಳಿದ್ದು ಅವಳೇ. ಫಂಡಿಂಗ್ ಜೊತೆ ಸೀಟು ಸಿಕ್ಕವರಿಗೆ ಒಪ್ಪಿಕೊಳ್ಳೋಕೆ ಅಲ್ಲಿನ ಹೆಚ್ಚಿನ ವಿಶ್ವವಿದ್ಯಾಲಯಗಳು ಏಪ್ರಿಲ್ 15ರವರೆಗೆ ಟೈಮ್ ಕೊಡುತ್ತವೆ. ಒಬ್ಬರೇ ಮೂರು ನಾಲ್ಕು ಕಡೆ ಸೀಟು ಹಿಡಿದಿರುತ್ತಾರೆ. ಅವರು ಬಿಟ್ಟರೆ ಲಿಸ್ಟ್ ಓಡುತ್ತದೆ. ನನ್ನದು ಓಡಿತು.

ಪೇಟೆಯ ಸೈಬರ್ ಅಣ್ಣನನ್ನು ಮರೆಯೋ ಹಾಗಿಲ್ಲ. ಡಿಸೆಂಬರ್ 15ರ ಗಡುವು, ನ್ಯೂಯಾರ್ಕ್ ಟೈಮ್ ರಾತ್ರಿ ಹನ್ನೆರಡು ಅಂದರೆ ನಮಗೆ ಮಾರನೇ ದಿನ ಬೆಳಗ್ಗೆ ಹತ್ತೂವರೆ. ಮನೆಯಲ್ಲಿ ಕರೆಂಟ್ ಇಲ್ಲ. ಅಣ್ಣ ಏಳೂವರೆಗೇ ಶಟರ್ ಎತ್ತಿ ಯುಪಿಎಸ್ ಆನ್ ಮಾಡಿ, ಬೇರೆ ಯಾರನ್ನೂ ಆ ಕಂಪ್ಯೂಟರ್ ಹತ್ತಿರ ಬಿಡಲಿಲ್ಲ. ನನ್ನ ಕಾರ್ಡ್‌ನಲ್ಲಿ ಡಾಲರ್ ಪೇಮೆಂಟ್ ಹೋಗದೇ ಇದ್ದಾಗ ತನ್ನ ಕಾರ್ಡ್‌ನ ಓಟಿಪಿ ಹೇಳುತ್ತಾ ಫೋನ್‌ನಲ್ಲೇ ಇದ್ದ ಚಿಕ್ಕಪ್ಪನ ಮಗನಿಗೂ ಥ್ಯಾಂಕ್ಸ್. ಒಂದೊಂದು ಅರ್ಜಿಗೆ ಆರೆಂಟು ಸಾವಿರ ರೂಪಾಯಿ. ಸ್ಟೈಪೆಂಡ್ ಬರಲಿ ಮಾರಾಯ, ತೀರಿಸ್ತೀನಿ.

ಕೊನೆಗೆ ಅಪ್ಪ. ಮಾರ್ಚ್‌ನಲ್ಲಿ ರಿಸಲ್ಟ್ ಬರುವ ಹೊತ್ತಿಗೆ ಮನೆಯಲ್ಲಿ ಹೂಮಳೆಯದೇ, ಅಂದರೆ ಕಾಫಿ ಹೂ ಅರಳಿಸುವ ಮಳೆಯದೇ ಮಾತು. ಒಂದಿಂಚಾದರೂ ಬಿದ್ದರೆ ಅರೇಬಿಕಾ ಸರಿಯಾಗಿ ಅರಳುತ್ತದೆ, ಅರ್ಧಂಬರ್ಧ ಹನಿದರೆ ಮೊಗ್ಗು ಕೆಡುತ್ತದೆ. ಅಪ್ಪ ಮಳೆ ಅಳೆಯುವ ಕೆಲಸ ನನಗೆ ವಹಿಸಿಬಿಟ್ಟರು. ಮೇಲ್‌ಗಳೆಲ್ಲ ಬರುವುದು ನಮ್ಮ ರಾತ್ರಿಯಲ್ಲಿ. ಬೆಳಗ್ಗೆ ಎದ್ದು 'ಸಾರಿ' ಓದಿದರೂ ಎಂಟಕ್ಕೆ ಅಂಗಳಕ್ಕೆ ಹೋಗಲೇಬೇಕು, ಮಾಪಕದಲ್ಲಿ ಎಷ್ಟು ಸೆಂಟು (ಇಂಚಿನ ನೂರರಲ್ಲೊಂದು ಭಾಗ) ಅಂತ ನೋಡಿ ಡೈರಿಯಲ್ಲಿ ಬರೆಯಬೇಕು, ಆಚೆ ತೋಟದವರಿಗೆ ಫೋನ್ ಮಾಡಿ ಹೇಳಬೇಕು. ನನ್ನ ಮುಖ ನೋಡಿದರೆ ಅಪ್ಪನಿಗೆ ಗೊತ್ತಾಗುತ್ತಿತ್ತು. ಆದರೂ ಕೇಳುತ್ತಿದ್ದದ್ದು ಮಳೆ ಲೆಕ್ಕ ಮಾತ್ರ.

ಈ ಡಿಸೆಂಬರ್‌ಗೆ ಅರ್ಜಿ ಹಾಕುವವರು ನಮ್ಮ ಜಿಲ್ಲೆಯಲ್ಲಿದ್ದರೆ ಹೇಳಿ. ಎಸ್‌ಒಪಿ (ಯಾಕೆ ಓದಬೇಕು ಅಂತ ಅರ್ಜಿ ಜೊತೆ ಬರೆಯೋ ಪತ್ರ) ಓದಿ ಕೊಡ್ತೀನಿ, ಫೀ ವೇವರ್, ಅಂದರೆ ಅರ್ಜಿ ಶುಲ್ಕದ ಮನ್ನಾ, ಹೇಗೆ ಕೇಳೋದು ಅಂತಲೂ ತಿಳಿಸ್ತೀನಿ. ಜುಲೈ ಮುಗಿಯುವವರೆಗೆ ಊರಲ್ಲೇ ಇರ್ತೀನಿ. ಮಳೆಗೆ ಕರೆಂಟ್ ಹೋದರೆ ಫೋನ್ ಸಿಗಲ್ಲ, ಮೆಸೇಜ್ ಹಾಕಿಡಿ.