ಟವೆಲ್ ಟಿಕೆಟ್ ಅಲ್ಲ

ಮಾನ್ಯ ಸಂಪಾದಕರೇ,

ಕೊಪ್ಪಳ ನಿಲ್ದಾಣಕ್ಕೆ ಗಂಗಾವತಿ ಬಸ್ ತಿರುಗಿತೆಂದರೆ ಸಾಕು, ಕಿಟಕಿಗಳಿಂದ ಟವೆಲ್, ಕರವಸ್ತ್ರ, ಊಟದ ಡಬ್ಬಿಯ ಚೀಲ ಒಳಗೆ ಬೀಳುತ್ತವೆ. ಬಸ್ ಹಿಂದಕ್ಕೆ ಬರುವಾಗಲೇ ಪಕ್ಕದಲ್ಲಿ ಓಡಿದರೆ ಕಾಲು ಚಕ್ರಕ್ಕೆ ಸಿಗುತ್ತದೆ. ಬಾಗಿಲು ಒಂದೇ. ಹತ್ತುವವರು ಮೆಟ್ಟಿಲು ಹಿಡಿದು ನಿಂತರೆ ಇಳಿಯುವವರು ಒಳಗೇ ಉಳಿಯುತ್ತಾರೆ, ಅವರು ಇಳಿಯದೆ ಸೀಟು ಖಾಲಿಯಾಗದು. ಬುಟ್ಟಿ ಹೊತ್ತ ಅಜ್ಜಿ ಕೊನೆಯ ಮೆಟ್ಟಿಲಲ್ಲೇ ಕಂಬಿ ಹಿಡಿದು ನಡುಗುತ್ತಾರೆ. ಇದಕ್ಕೆ ಹೆಣ್ಣುಮಕ್ಕಳ ಉಚಿತ ಪ್ರಯಾಣವೇ ಕಾರಣ ಎನ್ನುವುದು ತಪ್ಪು. ಶಕ್ತಿ ಯೋಜನೆ ಬಂದದ್ದು 2023ರ ಜೂನ್‌ನಲ್ಲಿ, ಟವೆಲ್ ಎಸೆಯುವ ಚಾಳಿ ಅದಕ್ಕಿಂತ ಎಷ್ಟೋ ಹಳೆಯದು. ಬಸ್ಸಿನ ಬಾಗಿಲು ನಿಲ್ಲುವ ಜಾಗದಲ್ಲಿ ಒಬ್ಬರೇ ಸಾಗುವಷ್ಟು ದಾರಿ ಬಿಟ್ಟು ಸಾರಿಗೆ ಸಂಸ್ಥೆಯವರು ಎರಡೂ ಬದಿಗೆ ಕಬ್ಬಿಣದ ಕಂಬಿ ಹಾಕಿಸಲಿ. ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಸೀಟಿ ಊದಲಿ, ಮೊದಲು ವೃದ್ಧರು, ಕೂಸು ಎತ್ತಿಕೊಂಡವರು ಹತ್ತಲಿ.

– ಓರ್ವ ಪ್ರಯಾಣಿಕ, ಕೊಪ್ಪಳ