ಡೈನೋಸಾರ್ ಜೊತೆ ಪುರಾವೆಯನ್ನೂ ತೋರಿಸಲಿ

ಮಾನ್ಯರೇ,

ಟಿ.ವಿ.ಯ ಡೈನೋಸಾರ್ ಸಾಕ್ಷ್ಯಚಿತ್ರ ಸರಣಿಗಳನ್ನು ಮಕ್ಕಳು, ದೊಡ್ಡವರು ಎಲ್ಲರೂ ಕಣ್ಣು ಮಿಟುಕಿಸದೆ ನೋಡುತ್ತಾರೆ. ಗ್ರಾಫಿಕ್ಸ್ ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ಇದೆಲ್ಲ ಹೇಗೆ ಗೊತ್ತಾಯಿತು ಅನ್ನೋದನ್ನು ಜಾಸ್ತಿ ತೋರಿಸುವುದಿಲ್ಲ. ನನಗೆ ಅದೇ ಬೇಸರ.

ಸೈನೋಸಾರಾಪ್ಟೆರಿಕ್ಸ್ ಕಥೆಯನ್ನೇ ನೋಡಿ. 1996ರಲ್ಲಿ ಚೀನಾದಲ್ಲಿ ಸಿಕ್ಕ ಈ ಪುಟ್ಟ ಡೈನೋಸಾರ್‌ನ ಬೆನ್ನಿನುದ್ದಕ್ಕೂ, ಬಾಲದ ತನಕ, ನವಿರಾದ ಪುಕ್ಕದ ಗುರುತು ಕಲ್ಲಿನಲ್ಲಿ ಉಳಿದಿತ್ತು. ವಿಜ್ಞಾನಿಗಳು ಆ ಪುಕ್ಕವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಬಣ್ಣದ ಕಣಗಳು ಕಂಡವು. ಈಗಿನ ಹಕ್ಕಿಗಳ ಕೆಂಗಂದು ಗರಿಯಲ್ಲಿ ಇರುವಂಥದ್ದೇ ದುಂಡನೆಯ ಕಣಗಳು. ಬಾಲದಲ್ಲಿ ಕೆಂಗಂದು, ಬಿಳಿ ಪಟ್ಟೆಗಳಿದ್ದವು ಎಂದು 2010ರಲ್ಲಿ ಅವರು ಹೇಳಿದ್ದು ಇದರ ಆಧಾರದ ಮೇಲೆ. ಸುಮಾರು 12 ಕೋಟಿ ವರ್ಷ ಹಿಂದಿನ ಪ್ರಾಣಿಯ ಬಣ್ಣ! ಯಾವ ಕಾಳಗದ ದೃಶ್ಯಕ್ಕೂ ಇದು ಕಮ್ಮಿ ಇಲ್ಲ, ಅಲ್ವಾ?

ಟೈರನೋಸಾರಸ್‌ನ ಗರ್ಜನೆ ಮಾತ್ರ ಬರೀ ಊಹೆ. ಅದರ ದನಿ ಹೇಗಿತ್ತೆಂದು ಮೂಳೆ ಹೇಳುವುದಿಲ್ಲ. ಇಂಥ ಕಡೆ ‘ಇದು ಊಹೆ’ ಎಂದು ಪರದೆಯ ಮೇಲೆ ಒಂದು ಸಾಲು ಹಾಕಿದರೆ ಸಾಕು. ಬ್ರಷ್ ಹಿಡಿದು ಮೂಳೆಯ ಸುತ್ತಲ ಮಣ್ಣನ್ನು ಚೂರುಚೂರೇ ತೆಗೆಯುವವರಿಗೂ ಪ್ರತಿ ಕಂತಿನಲ್ಲಿ ಹತ್ತು ನಿಮಿಷ ಕೊಡಲಿ.