ತಪ್ಪು ತಿದ್ದುವುದಕ್ಕೂ ಅಂಕ ಕೊಡಿ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ಸರ್ಕಾರಿ ಪದವಿಪೂರ್ವ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನ ಹೇಳಿಕೊಡುವವನು. ಪಿಸಿಎಂಸಿಗೆ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆ ಕಂಪ್ಯೂಟರ್ ವಿಜ್ಞಾನವಿರುವ ವಿಭಾಗ) ಸೇರಲು ಬರುವ ಮಕ್ಕಳನ್ನು ‘ಕಂಪ್ಯೂಟರ್ ವಿಜ್ಞಾನವೇ ಏಕೆ?’ ಎಂದು ಪ್ರತಿ ವರ್ಷ ಕೇಳುತ್ತೇನೆ. ಒಳ್ಳೆಯ ಕೆಲಸ ಸಿಗುತ್ತದೆ, ಅಂಕವೂ ಸುಲಭವಾಗಿ ಬರುತ್ತದೆ ಎನ್ನುತ್ತಾರೆ. ಅದನ್ನು ತಪ್ಪೆನ್ನಲಾರೆ, ಕೂಲಿ ಮಾಡಿ ಓದಿಸುವ ಮನೆಯ ಮಕ್ಕಳು ಕೆಲಸದ ಲೆಕ್ಕ ಹಾಕಲೇಬೇಕು. ಆದರೆ ಎರಡು ವರ್ಷ ಕಳೆಯುವ ಹೊತ್ತಿಗೆ ಅವರಲ್ಲಿ ಅನೇಕರು ‘ಪ್ರೋಗ್ರಾಮಿಂಗ್ ನಮ್ಮ ತಲೆಗೆ ಹತ್ತುವುದಿಲ್ಲ’ ಎಂದು ತೀರ್ಮಾನಿಸಿಬಿಟ್ಟಿರುತ್ತಾರೆ. ನನ್ನನ್ನು ಕಾಡುವುದು ಅದು.

ಕಳೆದ ವರ್ಷ ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯೊಬ್ಬಳು ಮೂರು ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕುವ ಪ್ರೋಗ್ರಾಂ ಅನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿದ್ದಳು. ಪರದೆಯ ಮೇಲೆ ‘ಸಿಂಟ್ಯಾಕ್ಸ್ ಎರರ್’ (ಬರೆದ ಕ್ರಮದಲ್ಲಿ ತಪ್ಪಿದೆ) ಎಂದು ಕೆಂಪಕ್ಷರ ಮೂಡಿದ್ದೇ ತಡ, ಕೀಲಿಮಣೆಯಿಂದ ಕೈ ಹಿಂದಕ್ಕೆಳೆದುಕೊಂಡು, ‘ಸರ್, ಕಂಪ್ಯೂಟರ್ ಹಾಳಾಯಿತೇ?’ ಎಂದಳು. ‘ಇಫ್’ ಸಾಲಿನ ಕೊನೆಯ ಕೋಲನ್ ಚಿಹ್ನೆ (:) ಬಿಟ್ಟುಹೋಗಿತ್ತು, ಅಷ್ಟೇ. ಹಾಕಿದಳು, ಉತ್ತರ ಬಂತು. ಆಮೇಲೆ ಅವಳು ಮಾಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ತಾನಾಗಿಯೇ ಆ ಕೋಲನ್ ಅಳಿಸಿ, ಅದೇ ಕೆಂಪಕ್ಷರವನ್ನು ಮತ್ತೆ ಬರಿಸಿ, ನಿಧಾನವಾಗಿ ಓದಿಕೊಂಡಳು. ಹೆದರಿಕೆ ಹೋಗಿತ್ತು.

ನಮ್ಮ ಪ್ರಾಯೋಗಿಕ ಪರೀಕ್ಷೆಗೆ ಈ ಕಲಿಕೆ ಕಾಣುವುದೇ ಇಲ್ಲ. 30 ಅಂಕಗಳೇನೋ ಇವೆ. ಆದರೆ ಬರುವ ಪ್ರೋಗ್ರಾಂಗಳು ಯಾವುವೆಂದು ಮಕ್ಕಳಿಗೆ ಮೊದಲೇ ಗೊತ್ತು. ಅಲ್ಪವಿರಾಮದ ಸಮೇತ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಎಂಜಿನಿಯರಿಂಗ್ ಪ್ರವೇಶಕ್ಕೆ ಬರೆಯುವ ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಕ್ಕೆ ತಲಾ 60 ಅಂಕ. ಕಂಪ್ಯೂಟರ್ ವಿಜ್ಞಾನದ ಪತ್ರಿಕೆಯೇ ಇಲ್ಲ. ಕಂಪ್ಯೂಟರ್ ಎಂಜಿನಿಯರಿಂಗ್ ಸೀಟಿಗಾಗಿ ಹಗಲಿರುಳು ಓದುವ ಹುಡುಗನೂ ಈ ಪುಸ್ತಕವನ್ನು ಪಕ್ಕಕ್ಕಿಟ್ಟೇ ಓದುತ್ತಾನೆ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಾವು ಕೇಳಿದ್ದನ್ನು ಅವನು ಕೊಡುತ್ತಿದ್ದಾನೆ.

ಪ್ರಾಯೋಗಿಕ ಪರೀಕ್ಷೆಯಲ್ಲಿ ತಪ್ಪುಗಳಿರುವ ಪ್ರೋಗ್ರಾಂ ಒಂದನ್ನು ಕೊಟ್ಟು ತಿದ್ದಲು ಹೇಳಿ. ತಪ್ಪೇನೆಂದು ಮಗು ಕನ್ನಡದಲ್ಲಿ ವಿವರಿಸಿದರೂ ಪೂರ್ಣ ಅಂಕ ಸಿಗಲಿ. ಮಾದರಿ ಪ್ರಶ್ನೆಗಳನ್ನು ಸಿದ್ಧಪಡಿಸಿಕೊಡಲು ನನ್ನಂಥ ಉಪನ್ಯಾಸಕರು ಸಂತೋಷದಿಂದ ಕೂರುತ್ತೇವೆ.

ಇನ್ನೊಂದು ಮಾತು. ತರಗತಿ ಮುಗಿದ ಮೇಲೂ ಒಂದು ಗಂಟೆ ಪ್ರಯೋಗಾಲಯ ತೆರೆದಿಡಲು ಅನುಮತಿ ಕೊಡಿ. ಆ ಹೊತ್ತಿಗೆ ಅತಿಥಿ ಉಪನ್ಯಾಸಕರು ನಿಂತರೆ ಅವರಿಗೆ ಗೌರವಧನವೂ ಸಲ್ಲಲಿ. ನಮ್ಮೂರಿನ ಕೊನೆಯ ಬಸ್ಸು ತಡವಾಗಿ ಬರುತ್ತದೆ. ಮಕ್ಕಳು ನಿಲ್ದಾಣದ ಕಟ್ಟೆಯ ಬದಲು ಕಂಪ್ಯೂಟರ್ ಮುಂದೆ ಕೂತು ಕಾಯುತ್ತಾರೆ. ಬೀಗದ ಕೈ ನನ್ನ ಬಳಿ ಇದೆ, ಬೇಕಿರುವುದು ನಿಮ್ಮ ಆದೇಶ.

ಇತಿ,
ಕಂಪ್ಯೂಟರ್ ವಿಜ್ಞಾನದ ಉಪನ್ಯಾಸಕ